ಗಬ್ಬ ನಿಲ್ಲದ ಕೆಂಪಿ

“ಗಬ್ಬ ನಿಲ್ಲಲಿಲ್ಲ ಅಂತ ಕೆಂಪಿಯನ್ನು ಯಾರಿಗೂ ಕೊಡಬೇಡಿ.” ನನ್ನ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ. ನಮಗೂ ಮಕ್ಕಳಾಗಿರಲಿಲ್ಲ. ಅವಳು ತೀರಿಹೋದ ಮೇಲೆ ಆ ದನವನ್ನು ನಮ್ಮೂರು ಮಂಕಿಯಲ್ಲಿ ತಮ್ಮನಿಗೆ ಒಪ್ಪಿಸಿ, ಬಡಗಿ ಕೆಲಸಕ್ಕೆಂದು ಆಫ್ರಿಕಾದ ಹಡಗು ಹತ್ತಿದೆ. ಅರವತ್ತನೇ ಇಸವಿಯ ಸುಮಾರು.

ಅಲ್ಲಿ ಒಬ್ಬ ಬಿಳಿ ದೊರೆ ಮಾಂಸಕ್ಕಾಗಿ ಜಾತಿ ದನ ಸಾಕುತ್ತಿದ್ದ. ಒಂದೊಂದರ ಅಜ್ಜಿಯ ಹೆಸರೂ ಅವನ ಪುಸ್ತಕದಲ್ಲಿತ್ತು. ನಾನು ಬೇಲಿಗೆ ಗೇಟು ಮಾಡುತ್ತಿದ್ದೆ. ಒಂದು ಸಂಜೆ ಮಂದೆ ಬಂತು. ಎರಡು ದಿನ ನೀರು ಕಂಡಿರಲಿಲ್ಲವಂತೆ, ಆದರೂ ಒಂದೂ ಸೋತಿರಲಿಲ್ಲ. ನಮ್ಮ ದನಗಳ ಹಾಗೇ ಹೆಗಲ ಮೇಲೆ ಡುಬ್ಬ. ಆದರೆ ಹೋರಿಯ ಡುಬ್ಬ ನನ್ನ ಗೇಟಿಗಿಂತ ಮೇಲೆ ಕಾಣುತ್ತಿತ್ತು. ಉಳಿ ಹಿಡಿದ ಕೈ ನಿಂತುಬಿಟ್ಟಿತು.

“ಇಷ್ಟು ಗಟ್ಟಿ ಹ್ಯಾಂಗೆ ಸಾಯ್ಬ್ರೇ?” ಎಂದು ಅಲ್ಲಿ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಭಟ್ಕಳದ ಮೇಸ್ತ್ರಿಯನ್ನು ಕೇಳಿದೆ.

“ಗಬ್ಬ ನಿಲ್ಲದ್ದನ್ನು ದೊರೆ ಇಟ್ಕೊಳ್ಳೂದಿಲ್ಲ. ನೀನು ಮಾಡ್ತಾ ಇರೂದು ಎಂತ ಅಂದ್ಕೊಂಡೆ? ಅವನ್ನು ಕಟುಕರ ಲಾರಿಗೆ ಹತ್ತಿಸೂ ಗೇಟು, ಮಾರಾಯ.”

ತಮ್ಮನ ಕಾಗದ ಹದಿನೈದು ದಿನದಿಂದ ಕಿಸೆಯಲ್ಲೇ ಇತ್ತು. ಕೆಂಪಿ ಈ ಸಲವೂ ಗಬ್ಬ ನಿಲ್ಲಲಿಲ್ಲ, ಕೊಟ್ಟುಬಿಡಲೇ ಎಂದು ಕೇಳಿದ್ದ.

ಮರುದಿನ ಬೆಳಿಗ್ಗೆ ಅವನಿಗೆ ಬರೆದೆ: “ಕೆಂಪಿ ಸಾಯುವವರೆಗೂ ನಮ್ಮಲ್ಲೇ ಇರಲಿ.” ಆಮೇಲೆ ಹೋಗಿ ಗೇಟು ಮುಗಿಸಿದೆ. ಗಟ್ಟಿ ಗೇಟು, ಈಗಲೂ ಇದ್ದೀತು.