ಓರಗಿತ್ತಿಯ ಇಲಿಬೋನು

ನನ್ನ ಓರಗಿತ್ತಿಯನ್ನು ಹೊಗಳುವವರು ಊರ ತುಂಬ ಇದ್ದಾರೆ. ಅವರಲ್ಲಿ ಯಾರಾದರೂ ಅವಳ ಬಗ್ಗೆ ಬರೆಯಲು ಕೂತರೆ ಬರೀ ಬೆಣ್ಣೆ ಹಚ್ಚುತ್ತಾರೆ. ಅವಳನ್ನು ಕಂಡರೆ ಹೊಟ್ಟೆ ಉರಿಯುವವರು ಬರೆದರೇನೇ ನಿಜ ಹೊರಗೆ ಬರುವುದು. ಆ ಯೋಗ್ಯತೆ ನನಗಿರುವಷ್ಟು ಇನ್ಯಾರಿಗೂ ಇಲ್ಲ. ಒಂದೇ ಸೂರಿನಡಿ, ಒಂದೇ ಅಡುಗೆಮನೆಯಲ್ಲಿ, ಒಬ್ಬಳೇ ಅತ್ತೆಯ ಕೈಕೆಳಗೆ ಇದ್ದು ಉರಿದವಳು ನಾನು.

ನಾನು ಹಿರಿಸೊಸೆ. ಕಸುಬು ಹೊಲಿಗೆ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅವಳು ನನ್ನ ಮೈದುನನ ಹೆಂಡತಿ, ಬೀಗ ರಿಪೇರಿ ಮಾಡುವವರ ಮಗಳು. ಸ್ಪ್ರಿಂಗು, ಕೊಂಡಿ, ತಿರುಪುಗಳ ನಡುವೆಯೇ ಬೆಳೆದವಳು. ಈಗ ನಗರಸಭೆಯ ವರ್ಕ್‌ಶಾಪಿನಲ್ಲಿ ಇಲಿಬೋನು ಮಾಡುತ್ತಾಳೆ. ಬೀದಿಯವರೆಲ್ಲ ಅವಳನ್ನು ಬೋನಕ್ಕ ಎನ್ನುತ್ತಾರೆ, ನನ್ನನ್ನು ಬೋನಕ್ಕನ ಅಕ್ಕ ಎನ್ನುತ್ತಾರೆ. ಇಷ್ಟು ವರ್ಷ ಇದೇ ಬೀದಿಯವರ ಅಂಗಿ, ಪ್ಯಾಂಟು ಹೊಲಿದುಕೊಟ್ಟರೂ ನನಗೆ ಸ್ವಂತದ್ದೊಂದು ಅಡ್ಡಹೆಸರು ಕೂಡ ಗಿಟ್ಟಲಿಲ್ಲ.

ನಮ್ಮದು ಬಂದರಿನ ಊರು. ಇಲ್ಲಿನ ಇಲಿಗಳು ಇಲ್ಲಿನವಲ್ಲ, ಯಾವ ಕಾಲದಲ್ಲೋ ಹಡಗುಗಳಿಂದ ಇಳಿದು ಬಂದವು. ಹಡಗಿಲಿ ಎಂದೇ ಅವಕ್ಕೆ ಹೆಸರು. ಗೋದಾಮಿನ ಧಾನ್ಯ ತಿಂದವು, ಎದುರಿನ ನಡುಗಡ್ಡೆಗೂ ದಾಟಿ ಕಡಲಹಕ್ಕಿಗಳ ಮೊಟ್ಟೆ, ಮರಿ ಎಲ್ಲ ತಿಂದು ಮುಗಿಸಿದವು. ಅವಕ್ಕೆಂದು ನಗರಸಭೆಯವರು ಬಂದರಿನ ಸುತ್ತ ವಿಷದ ಡಬ್ಬಿ ಇಡುತ್ತಾರೆ. ಆ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಒಳಗೊಳಗೇ ರಕ್ತ ಸೋರಿ, ದಿನಗಟ್ಟಲೆ ತೂರಾಡಿ, ಎಲ್ಲೋ ಬಿದ್ದು ಸಾಯುತ್ತದೆ. ಅದನ್ನು ತಿಂದ ಬೆಕ್ಕೂ ಸಾಯುತ್ತದೆ, ಗೂಬೆಯೂ ಸಾಯುತ್ತದೆ. ಬಂದರಿನ ಕಡೆ ಅಡ್ಡಾಡಲು ಹೋಗಿದ್ದ ಪಕ್ಕದ ಮನೆಯ ನಾಯಿ ಹಾಗೆಯೇ ಸತ್ತದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು.

ಇದನ್ನು ನನ್ನ ಓರಗಿತ್ತಿಗೆ ಸಹಿಸಲಾಗಲಿಲ್ಲ. ನಾಯಿ ಸತ್ತದ್ದನ್ನು ಯಾರಿಗೂ ಸಹಿಸಲಾಗಲಿಲ್ಲ ಬಿಡಿ, ಅವಳಿಗೆ ಇಲಿ ನರಳುವುದನ್ನೂ ಸಹಿಸಲಾಗಲಿಲ್ಲ.

"ಕೊಲ್ಲಲೇಬೇಕು ಅಂದ್ರೆ ಒಂದೇ ಏಟಿಗೆ ಕೊಲ್ಬೇಕು ಅಕ್ಕಾ. ನರಳಿಸೋಕೆ ನಾವ್ಯಾರು? ಅದೇನು ತಾನಾಗಿ ಟಿಕೆಟ್ ತಗೊಂಡು ಹಡಗು ಹತ್ತಿತ್ತಾ?" ಎಂದಳು.

ಹೀಗೆ ಹೇಳಿ ಸುಮ್ಮನಿದ್ದರೆ ನಾನೂ ಕ್ಷಮಿಸಿಬಿಡುತ್ತಿದ್ದೆ. ಅವಳು ಮಾಡಿಯೇ ಬಿಟ್ಟಳು. ಒಂದು ಮರದ ಪೆಟ್ಟಿಗೆ. ಅದಕ್ಕೆ ಇಲಿ ಮಾತ್ರ ನುಗ್ಗುವಷ್ಟು ಕಿಂಡಿ. ಒಳಗೊಂದು ತಿರುವು, ಅದರಾಚೆ ಸ್ಪ್ರಿಂಗಿಗೆ ಬಿಗಿದ ಸರಳು. ಇಲಿ ಅಲ್ಲಿಗೆ ತಲೆ ಹಾಕಿದರೆ ಏನಾಯಿತೆಂದು ತಿಳಿಯುವ ಮೊದಲೇ ಮುಗಿದಿರುತ್ತದೆ. ಮೊದಮೊದಲು ಮಾಡಿದ ಒಂದರಲ್ಲಿ ಇಲಿಯ ಕಾಲು ಮಾತ್ರ ಸಿಕ್ಕಿಕೊಂಡಿತಂತೆ. ಅವತ್ತು ಅವಳು ಊಟ ಮಾಡದೆ ಅಳುತ್ತ ಕೂತಳು. "ಎಂಥ ಮೃದು ಮನಸ್ಸು ನೋಡು ಇವಳದ್ದು," ಎಂದು ಅತ್ತೆ ಅವಳ ತಲೆ ಸವರಿದರು. ಬೆಟ್ಟ ಅಗೆದು ಇಲಿ ಹಿಡಿದರು ಅಂತ ಜನ ಗೇಲಿ ಮಾಡುವುದುಂಟು. ನಮ್ಮ ಮನೆಯಲ್ಲಿ ಇಲಿ ಹಿಡಿದವಳಿಗೇ ಬೆಟ್ಟದಷ್ಟು ಹೊಗಳಿಕೆ.

ಅದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಪೋತನ ವಿಷಯ.

ಪೋತ ನನ್ನ ನಾಯಿ. ತಿಂಡಿಪೋತ ಎಂದು ಬೈದು ಬೈದು ಅದೇ ಹೆಸರಾಯಿತು. ಮರಿಯಾಗಿದ್ದಾಗ ಮೋರಿಯ ಹತ್ತಿರ ಬಿದ್ದಿದ್ದವನನ್ನು ಎತ್ತಿಕೊಂಡು ಬಂದವಳು ನಾನು. ನನ್ನ ಹೊಲಿಗೆ ಮೆಷಿನ್ನಿನ ಕೆಳಗೆ, ಬಟ್ಟೆಚೂರುಗಳ ಗುಡ್ಡೆಯ ಮೇಲೆ, ನನ್ನ ಪಾದಕ್ಕೆ ಬೆನ್ನು ಒತ್ತಿಕೊಂಡು ಮಲಗುತ್ತಿದ್ದ. ಗಂಡ ಇದ್ದಾನೆ, ಮಕ್ಕಳಿದ್ದಾರೆ. ಆದರೆ ಎಲ್ಲರಿಗಿಂತ ಮೊದಲು ನಾನೇ ಬೇಕು ಎಂದವನು ಈ ಮನೆಯಲ್ಲಿ ಅವನೊಬ್ಬನೇ. ಅವಳು ಮದುವೆಯಾಗಿ ಬಂದು, ಇಲಿಗೆ ಇಡಲೆಂದು ಕಡಲೆಕಾಯಿ ಬೀಜ ಹುರಿದು ರುಬ್ಬತೊಡಗಿದ್ದೇ ತಡ, ಅವನು ಜಾಗ ಬದಲಿಸಿದ. ಅವಳ ಬಾಗಿಲು, ಅವಳ ಚಪ್ಪಲಿ, ಅವಳ ಸೆರಗಿನ ತುದಿ. ನಾನು ಕರೆದರೆ ಬಾಲ ಆಡಿಸುತ್ತಾನೆ, ಏಳುವುದಿಲ್ಲ. ಅತ್ತೆ ಅವಳ ಕಡೆ ವಾಲಿದಾಗ ನನಗೆ ಸಿಟ್ಟು ಬಂದಿತ್ತು. ನಾಯಿ ವಾಲಿದಾಗ ಅಳು ಬಂತು.

ಈ ನಡುವೆ ನಗರಸಭೆಯವರು ಅವಳ ಬೋನಿಗೆ ಪರೀಕ್ಷೆ ಇಟ್ಟರು. ಗೋದಾಮಿನ ಬದಿಯಲ್ಲಿ ಒಂದಷ್ಟು, ನಮ್ಮ ಹಿತ್ತಿಲ ಓಣಿಯಲ್ಲಿ ಒಂದಷ್ಟು ಬೋನು. ಪಾಸಾದರೆ ಊರಿಂದ ವಿಷದ ಡಬ್ಬಿಯೇ ಹೋಗುತ್ತದೆ. ಆಗದಿದ್ದರೆ ಬಂದರಿನಲ್ಲಿರುವ ಡಬ್ಬಿ ನಮ್ಮ ಓಣಿಗೂ ಬರುತ್ತದೆ. ಡಬ್ಬಿ ಓಣಿಗೆ ಬಂತೆಂದರೆ ಪೋತ ಉಳಿಯುವುದಿಲ್ಲ. ಸತ್ತ ಇಲಿ ಇರಲಿ, ಹಳೇ ಚಪ್ಪಲಿ ಸಿಕ್ಕರೂ ಬಿಡುವ ನಾಯಿ ಅವನಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಿದ್ದೂ, ಇವಳು ಒಂದೇ ಒಂದು ಸಲ, ಎಲ್ಲರ ಮುಂದೆ, ಸೋಲಬಾರದೇ ಎಂದು ಒಳಗೆ ಆಸೆಯಿತ್ತು.

ಸೋತಳು. ಇಲಿಗೆ ಹೊಸ ವಸ್ತು ಕಂಡರೆ ಭಯವಂತೆ, ಅದಕ್ಕೇ ಸ್ಪ್ರಿಂಗ್ ಬಿಗಿಯದೆ ಕೆಲವು ದಿನ ಸುಮ್ಮನೆ ಬೋನು ಇಟ್ಟು ರೂಢಿ ಮಾಡಿಸಿದಳು. ಆಮೇಲೆ ಬಿಗಿದಳು. ಇಲಿಗಳೇನೋ ಬಿದ್ದವು, ಒಂದೂ ನರಳಲಿಲ್ಲ. ಆದರೆ ಕಡಲೆಕಾಯಿ ವಾಸನೆ ಹಿಡಿದು ನಮ್ಮ ಪೋತ ಓಣಿಗೆ ಹೋದ. ಪೆಟ್ಟಿಗೆ ಮಗುಚಿದ, ಕಿಂಡಿಗೆ ಕಾಲು ತೂರಿಸಿದ. ಸರಳು ಬೆರಳಿನ ತುದಿಗೆ ಬಡಿಯಿತು.

ನಗರಸಭೆಯ ಸಾಹೇಬರು ಅಲ್ಲೇ ಇದ್ದರು. "ಇಲಿ ವಿಷಯಕ್ಕೆ ಏನೂ ಹೇಳೋ ಹಾಗಿಲ್ಲಮ್ಮ. ಆದ್ರೆ ಇವತ್ತು ನಾಯಿ ಕಾಲು ಹಾಕ್ತು, ನಾಳೆ ಮಗು ಕೈ ಹಾಕಿದ್ರೆ? ಇನ್ನೊಂದು ಸಲ ನೋಡೋಣ. ಆಗ್ಲೂ ಹೀಗೇ ಆದ್ರೆ ಡಬ್ಬಿನೇ ಗತಿ."

ಅವಳ ಮುಖ ಸಪ್ಪಗಾದದ್ದನ್ನು ನೋಡಿ ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಆ ಖುಷಿ ಪೋತ ಕುಂಟುತ್ತ ಮನೆಯೊಳಗೆ ಬರುವವರೆಗೆ ಇತ್ತು. ಬಂದವನು ಅವಳ ಹತ್ತಿರ ಹೋಗಿ ಕಾಲು ಚಾಚಿ ಮಲಗಿದ. ಬಡಿದದ್ದು ಅವಳ ಬೋನು, ಉಪಚಾರಕ್ಕೂ ಅವಳೇ ಬೇಕು!

ಆ ಉರಿಯಲ್ಲೇ ಊಟಕ್ಕೆ ಕೂತಾಗ ಬಾಯಿಗೆ ಬಂದದ್ದೆಲ್ಲ ಆಡಿದೆ. "ಊರಿಗೆಲ್ಲ ಇಲಿ ಹಿಡಿದು ಕೊಡ್ತಾಳೆ, ಮನೆ ಇಲಿ ಕೇಳೋರಿಲ್ಲ. ನನ್ನ ಬಟ್ಟೆಚೂರೆಲ್ಲಾ ಹೊತ್ಕೊಂಡು ಹೋಗ್ತಿವೆ."

ಅವಳ ಕೈ ತಟ್ಟೆಯಲ್ಲೇ ನಿಂತಿತು. "ಬಟ್ಟೆನಾ? ಯಾವ ಬಟ್ಟೆ ಅಕ್ಕಾ?"

"ಎಲ್ಲಾ ಮುಟ್ಟಲ್ಲ ಮಹಾರಾಣಿಯರು. ನೈಲಾನ್ ಬೇಡ, ಬರೀ ಹತ್ತಿದೇ ಆಗ್ಬೇಕು. ಮರಿ ಹಾಕೋಕೆ ಮೆತ್ತಗೆ ಹಾಸಿಗೆ ಬೇಕಲ್ಲ!"

"ತಿನ್ನೋದನ್ನ ಇಟ್ರೆ ತಾನೇ ನಾಯಿ ಬರೋದು," ಎಂದಳು, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ನಾಲಗೆ ಕಚ್ಚಿಕೊಂಡೆ. ಬೈಯಲು ಆಡಿದ ಮಾತನ್ನೂ ಇವಳು ಎತ್ತಿಕೊಂಡು ಕೆಲಸಕ್ಕೆ ಹಚ್ಚುತ್ತಾಳಲ್ಲ! ಬೆಳಿಗ್ಗೆ ಅಂಗಡಿಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ, ಒಂದು ಚೀಲ ಹತ್ತಿಬಟ್ಟೆ ಚೂರು ಕೊಡ್ತೀರಾ?"

ಕೊಡುವುದಿಲ್ಲ ಎನ್ನಬಹುದಿತ್ತು. ಗುಡಿಸಿ ಎಸೆದೆ ಎನ್ನಬಹುದಿತ್ತು. ಅವಳ ಕಾಲ ಹಿಂದೆ ಪೋತ ಕುಂಟಿಕೊಂಡು ನಿಂತಿದ್ದ.

"ಕೊಡ್ತೀನಿ. ಪೋತ ಇವತ್ತಿಂದ ನನ್ನ ಕೋಣೆಲಿ ಮಲಗ್ಬೇಕು."

ಅವಳು ಒಂದು ಕ್ಷಣ ಅವನನ್ನು ನೋಡಿದಳು. "ಆಯ್ತು ಅಕ್ಕಾ. ಕರ್ಕೊಳ್ಳಿ," ಎಂದಳು.

ಮೆಷಿನ್ನಿನ ಕೆಳಗಿನ ಗುಡ್ಡೆಯನ್ನೇ ಚೀಲಕ್ಕೆ ತುಂಬಿಕೊಟ್ಟೆ. ಪೋತನನ್ನು ನನ್ನ ಮಂಚದ ಕಾಲಿಗೆ ಕಟ್ಟಿದೆ. ಬೆಳಗಾಗುವಾಗ ಹಗ್ಗ ಕಡಿದುಕೊಂಡು ಅವಳ ಬಾಗಿಲ ಮುಂದೆ ಬಿದ್ದಿದ್ದ. ಅತ್ತೆ ನೋಡಿ ನಕ್ಕರು. "ಕಟ್ಟಿ ಹಾಕಿದ್ರೆ ಪ್ರೀತಿ ಬರುತ್ತೇನೇ?" ಎಂದು ಬೇರೆ ಕೇಳಿದರು.

ಅವಳು ಕಡಲೆಕಾಯಿ ರುಬ್ಬುವುದನ್ನು ಬಿಟ್ಟಳು. ಒರಳು, ಬಟ್ಟೆ, ಕೈ ಎಲ್ಲ ಉಜ್ಜಿ ತೊಳೆದಳು. ಕಿಂಡಿಯಿಂದ ಸರಳಿನವರೆಗಿನ ದಾರಿಯನ್ನೂ ಮಗುವಿನ ಕೈ ಎಟುಕದಷ್ಟು ಉದ್ದ ಮಾಡಿದಳು. ಒಳಗೆ ತಿಂಡಿಯ ಬದಲು ನನ್ನ ಬಟ್ಟೆಚೂರು ತುರುಕಿದಳು. ಎರಡನೇ ಪರೀಕ್ಷೆಯ ದಿನ ಸಾಹೇಬರು ಬರುವಷ್ಟರಲ್ಲಿ ಗೋದಾಮಿನ ಬೋನುಗಳಲ್ಲಿ ಇಲಿಗಳು ಬಿದ್ದಾಗಿತ್ತು. ಉಳಿದದ್ದು ನಾಯಿಯ ಪರೀಕ್ಷೆ. ಹೋದ ಸಲ ಕೆಡಿಸಿದವನನ್ನೇ ಬಿಡಿ ಎಂದರು ಸಾಹೇಬರು. ಅವನಿಗೆ ಮತ್ತೆ ಪೆಟ್ಟಾಗದಿರಲೆಂದು ಓಣಿಯಲ್ಲಿಟ್ಟ ಆ ಒಂದು ಬೋನಿನ ಸ್ಪ್ರಿಂಗನ್ನು ಅವಳೇ ಕಳಚಿಟ್ಟಳು.

"ನಾಯಿ ಯಾರದ್ದು?" ಎಂದು ಸಾಹೇಬರು ಕೇಳಿದರು.

"ನಂದು," ಎಂದೆ ನಾನು. "ನಂದು," ಎಂದಳು ಅವಳೂ, ಅದೇ ಉಸಿರಿಗೆ.

ಸಾಹೇಬರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ಒಬ್ರು ಒಳಗೆ ಹೋಗಿ. ಇಬ್ರೂ ಇಲ್ಲಿದ್ರೆ ಅದು ಬೋನು ನೋಡಲ್ಲ."

ಬೋನು ಅವಳದ್ದು, ಅವಳು ಹೊರಗಿರಲೇಬೇಕು. ನಾನು ಒಳಗೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು. ಓಣಿಯ ಕಡೆಗಿದ್ದ ಅಡುಗೆಮನೆಯ ಕಿಟಕಿಯ ಸರಳು ಹಿಡಿದು ನಿಂತೆ. ಪೋತ ಕಿಂಡಿಗೆ ಮೂತಿ ಹಾಕದಿರಲಿ ಎಂದು ಬೇಡಿಕೊಂಡೆ. ಹಾಗೇ, ಅವಳ ಕಡೆ ಓಡದಿರಲಿ ಎಂದೂ ಬೇಡಿಕೊಂಡೆ.

ಬಿಟ್ಟ ಕೂಡಲೇ ಅವನು ಅವಳ ಕಡೆಗೇ ಓಡಿದ. ಒಂದು ಕೈ ಮೂಸಿದ, ಇನ್ನೊಂದು ಕೈ ಮೂಸಿದ, ಸೆರಗು ಮೂಸಿದ. ಕಡಲೆಕಾಯಿ ಇಲ್ಲ. ಅವಳ ಮುಖವನ್ನೊಮ್ಮೆ ನೋಡಿ ತಿರುಗಿದ. ಮೂಗು ಎತ್ತಿಕೊಂಡು ನೇರ ಬೋನಿನ ಹತ್ತಿರ ನಡೆದ. ಪೆಟ್ಟಿಗೆಯನ್ನು ಸುತ್ತಲೂ ಮೂಸಿದ. ಕೆರೆಯಲಿಲ್ಲ, ಮಗುಚಲಿಲ್ಲ, ಕಿಂಡಿಯ ಕಡೆ ಸುಳಿಯಲೂ ಇಲ್ಲ. ಬಾಲ ನಿಧಾನವಾಗಿ ಆಡತೊಡಗಿತು. ಅಲ್ಲೇ ಒಂದು ಸುತ್ತು ತಿರುಗಿ, ಪೆಟ್ಟಿಗೆಗೆ ಬೆನ್ನು ಒತ್ತಿಕೊಂಡು ಮಲಗಿ ಕಣ್ಣು ಮುಚ್ಚಿದ.

"ಇದೇನಮ್ಮಾ, ಇಲ್ಲೇ ಮಲಗಿಬಿಡ್ತಲ್ಲ?" ಎಂದರು ಸಾಹೇಬರು.

ಅವಳು ತನ್ನ ಕೈಯನ್ನು ತಾನೇ ಒಮ್ಮೆ ಮೂಸಿ ನೋಡಿಕೊಂಡಳು. ಆಮೇಲೆ ಹೇಳಿದಳು. "ಒಳಗಿರೋದು ಅಕ್ಕನ ಮೆಷಿನ್ ಕೆಳಗಿನ ಬಟ್ಟೆ ಸಾರ್. ಅಕ್ಕನ ವಾಸನೆ ಅದು."

"ಏನಾದ್ರೂ ಇರ್ಲಿ, ಕಿಂಡಿಗೆ ಮೂತಿನೂ ಇಡಲಿಲ್ಲ. ಪಾಸು. ಡಬ್ಬಿ ತೆಗೆಸ್ತೀನಿ," ಎಂದು ಅವರು ನಕ್ಕರು. ಗೋಡೆಯಾಚೆ ಇಣುಕುತ್ತಿದ್ದ ಬೀದಿಯವರು ಬೋನಕ್ಕಾ ಎಂದು ಕೂಗಿದರು.

ಅವಳು ಯಾರ ಕಡೆಯೂ ನೋಡಲಿಲ್ಲ. ಪೋತನನ್ನೇ ನೋಡುತ್ತಿದ್ದಳು. ತುಟಿ ಬಿಗಿದು, ಮೂಗಿನ ಹೊಳ್ಳೆ ಸ್ವಲ್ಪ ಅರಳಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅವಳು ಈ ಮನೆಗೆ ಬಂದಾಗಿನಿಂದ ನಾನು ದಿನಾ ಕನ್ನಡಿಯಲ್ಲಿ ನೋಡುತ್ತಿರುವ ಮುಖ ಅದೇ.

ಕಿಟಕಿಯಿಂದ ಪೋತಾ ಎಂದು ಕರೆದಿದ್ದರೆ ಎದ್ದು ಬರುತ್ತಿದ್ದ. ನಾನು ಕರೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅವಳು ನೋಡಲಿ ಎಂದು ಸುಮ್ಮನೆ ನಿಂತೆ.