ಅರಮನೆಯ ಬಾಣಂತಿ ಕೋಣೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಪಿಎಚ್‌.ಡಿ.ಗಾಗಿ ತರೀಕೆರೆಯ ಹಳೆಯ ಅರಮನೆಯ ಕುರಿತು ಕೆಲಸ ಮಾಡುತ್ತಿದ್ದೆ. ಅರಮನೆ ಎಂದರೆ ನನ್ನ ಪಾಲಿಗೆ ಮೊಣಕಾಲೆತ್ತರದ ಗೋಡೆಗಳು, ಲಂಟಾನ ಪೊದೆ, ಮಣ್ಣು. ಎರಡು ತಿಂಗಳು ಟೇಪು ಹಿಡಿದು ಅಳೆದು ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದಿದ್ದೆ. ಮೂಲೆಯ ಪುಟ್ಟ ಕೋಣೆಯೊಂದರ ಗೋಡೆ ಮಾತ್ರ ಎರಡು ಪಟ್ಟು ದಪ್ಪ, ಬಾಗಿಲು ಕಿರಿದು. ಧೈರ್ಯವಾಗಿ ‘ಖಜಾನೆ’ ಎಂದು ಬರೆದೆ.

ಅಜ್ಜಂಪುರದಲ್ಲಿ ಎಂಬತ್ತು ದಾಟಿದ ಸೂಲಗಿತ್ತಿಯೊಬ್ಬರಿದ್ದಾರೆ, ಅವರ ಅಜ್ಜಿಯ ತಾಯಿ ಅರಮನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದರಂತೆ ಎಂದು ಯಾರೋ ಹೇಳಿದರು. ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದೆ ನಕ್ಷೆ ಹರಡಿ ಒಂದೊಂದೇ ಕೋಣೆ ವಿವರಿಸಿದೆ. ಖಜಾನೆಗೆ ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ.

“ಅಯ್ಯೋ ನನ್ನವ್ವ, ಅದು ಬಾಣಂತಿ ಕೋಣೆ ಕಣೇ! ಗಾಳಿ ನುಗ್ಗಬಾರ್ದು ಅಂತ ಗೋಡೆ ದಪ್ಪ. ಮೂಲೇಲಿ ನೀರು ಹಾಕೋ ಕಲ್ಲೈತೆ, ನೋಡ್ಲಿಲ್ವಾ?”

“ಇಲ್ವಲ್ಲಜ್ಜಿ.”

“ಹಂಗಾರೆ ನಡಿ, ತೋರುಸ್ತೀನಿ. ನಮ್ಮಜ್ಜಿ ಬಾಯಲ್ಲಿ ಕೇಳಿದ್ದೇಯ, ನಾನೂ ಕಣ್ಣಲ್ಲಿ ಕಂಡಿಲ್ಲ.”

ಮಾರನೆಯ ಬೆಳಿಗ್ಗೆ ಅಜ್ಜಿ ಹೊಸ ಸೀರೆ ಉಟ್ಟು ಬಸ್ಸು ಹತ್ತಿದರು. ತರೀಕೆರೆಯಲ್ಲಿ ಇಳಿದು ಜಟಕಾ ಹಿಡಿದೆವು. ಗಾಡಿ ಹೊಡೆಯುತ್ತಿದ್ದ ವಯಸ್ಸಾದ ಸಾಬರು ವಿಷಯ ತಿಳಿದದ್ದೇ ಅರಮನೆಯ ಬಳಿ ಕುದುರೆ ಕಟ್ಟಿ ನಮ್ಮ ಹಿಂದೆಯೇ ಬಂದರು. ಅವರ ಹಿರಿಯರು ಅರಮನೆಯ ಕುದುರೆ ಲಾಯದಲ್ಲಿದ್ದವರಂತೆ.

ಅಜ್ಜಿ ತಮ್ಮಜ್ಜಿ ಹೇಳಿದ್ದ ಲೆಕ್ಕದಂತೆ ಹೆಬ್ಬಾಗಿಲ ಕಲ್ಲಿನಿಂದ ಹೆಜ್ಜೆ ಎಣಿಸುತ್ತ ನಡೆದು ನೇರವಾಗಿ ನನ್ನ ಖಜಾನೆಯ ಮೂಲೆಯಲ್ಲಿ ನಿಂತರು. ನಾನು ಕರಣೆಯಿಂದ ಮಣ್ಣು ಕೆರೆದೆ. ಒಂದು ಗೇಣು ಇಳಿಯುವಷ್ಟರಲ್ಲಿ ನುಣುಪು ಕಲ್ಲು, ಅದರ ಅಂಚಿನಿಂದ ಗೋಡೆಯೊಳಕ್ಕೆ ನುಸುಳುವ ಸಣ್ಣ ಮೋರಿ! ನಾನು ಅಲ್ಲೇ ಕುಣಿದುಬಿಟ್ಟೆ. ಅಜ್ಜಿ ಕಲ್ಲಿನ ಪಕ್ಕ ಕೂತು ಅಂಗೈಯಿಂದ ಸವರಿದರು.

“ರಾಜನ ಕೂಸ್ಗೂ ಲಾಯದೋರ ಕೂಸ್ಗೂ ನಮ್ಮಜ್ಜಿ ಅವ್ವಂದು ಒಂದೇ ಕೈ ಕಣಪ್ಪಾ.”

“ಹಂಗಾದ್ರೆ ನಮ್ಮ ತಾತನ ತಾತನ್ನ ಹಿಡ್ದಿದ್ದು ನಿಮ್ಮೋರೇ!” ಎಂದು ಸಾಬರು ಸಲಾಂ ಮಾಡಿದರು.

“ಊರೆಲ್ಲ ಕೇಳಂಗೆ ಅತ್ತಿರ್ಬೇಕು. ನಿನ್ ಗಂಟ್ಲು ಕೇಳಿದ್ರೇ ಗೊತ್ತಾಯ್ತದೆ.”

ಹಿಂದಿರುಗುವಾಗ ಗಾಡಿಯಲ್ಲಿ ಇಬ್ಬರದೂ ಪೈಪೋಟಿ. ಮಡಿವಾಳರ ಮನೆ ಎಲ್ಲಿತ್ತು, ಹೂ ಕಟ್ಟುವವರು ಯಾವ ಕೇರಿಯವರು, ಓಲಗದವರು ಎಲ್ಲಿಂದ ಬಂದರು ಎಂದು ಒಬ್ಬರ ಮಾತಿನ ಮೇಲೊಬ್ಬರು ಹೇಳುತ್ತಿದ್ದರು. ಅಲ್ಲಿಯವರೆಗೆ ಅರಸರ ವಂಶಾವಳಿಯೊಂದನ್ನೇ ಹಿಡಿದು ಕೂತಿದ್ದ ನನಗೆ ಅರಮನೆ ಏಕಾಏಕಿ ಜನರಿಂದ ತುಂಬಿಹೋಯಿತು. ಕುಲುಕಾಟದಲ್ಲೇ ಗೀಚಿಕೊಂಡೆ. ಮನೆಗೆ ಬಂದು ನೋಡಿದರೆ ಒಂದಕ್ಷರವೂ ಓದಲಾಗದು!

ಮುಂದಿನ ವಾರ ಮತ್ತೆ ಅಜ್ಜಂಪುರಕ್ಕೆ ಹೋದೆ. ಅಜ್ಜಿ ಮೊದಲು ಊಟ ಬಡಿಸಿದರು. ಆಮೇಲೆ ಎಲ್ಲವನ್ನೂ ನಿಧಾನವಾಗಿ, ನಾನು ಬರೆದು ಮುಗಿಸುವವರೆಗೂ ಕಾದು ಕಾದು, ಮತ್ತೊಮ್ಮೆ ಹೇಳಿದರು.