ಬೈರಾಸು ಬೀಸಿದ ಕೇಸು

ಆ ಸರಕಾರಿ ವಕೀಲರು ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಕಾಗದ ಹಿಡಿದು ಕೋಣೆಯ ಉದ್ದಕ್ಕೂ ನಡೆಯುತ್ತಲೇ, "ನೀನು ಕಂಡದ್ದೆಂತ? ಅಷ್ಟು ಹೇಳು" ಎನ್ನುತ್ತಿದ್ದರು.

ಅದು ಯುದ್ಧದ ಕಾಲ. ನನ್ನ ಭಾವ ಕಡಲ ದಡದಲ್ಲಿ ಹೆಗಲ ಮೇಲಿನ ಬೈರಾಸು, ಅಂದರೆ ಟವೆಲು, ಬೀಸಿ ಶತ್ರುವಿನ ಹಡಗಿಗೆ ಸನ್ನೆ ಮಾಡಿದನೆಂದು ಪೊಲೀಸರು ಹಿಡಿದಿದ್ದರು. ಗೂಢಚಾರನನ್ನು ಬಿಡಬಾರದೆಂದು ಮಂಗಳೂರು ಪೇಟೆಯೆಲ್ಲ ಕೂಗುತ್ತಿತ್ತು. ಕೇಸು ನಡೆಸುವುದೋ ಬಿಡುವುದೋ ಈ ವಕೀಲರ ಕೈಯಲ್ಲಿತ್ತು. ಭಾವನ ಪರವಾಗಿ ಹೇಳಲು ನಾನು ಅವರ ಕೋಣೆಗೆ ಹೋಗಿದ್ದೆ.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಕಡಲಿನ ವಿಷಯದಲ್ಲಿ ಯಾರೆದುರೂ ತಲೆ ತಗ್ಗಿಸಿದವನಲ್ಲ. "ಮೀನಿನ ಹಿಂಡು ದಡದಲ್ಲಿ ನಿಂತವರಿಗೆ ಕಾಣ್ತದೆ ಸ್ವಾಮಿ, ದೋಣಿಯವರಿಗೆ ಕಾಣುವುದಿಲ್ಲ. ನಾವು ಬೀಸಿದ ಕಡೆ ದೋಣಿಯವರು ಬಲೆ ಬಿಡ್ತಾರೆ" ಎಂದೆ.

"ತೋರಿಸು" ಎಂದು ಇನ್ಸ್‌ಪೆಕ್ಟರನ್ನೂ ಕರೆದುಕೊಂಡು ಕಡಲಿಗೆ ಬಂದೇಬಿಟ್ಟರು. ಅಂದು ಮೀನೇ ಇರಲಿಲ್ಲ. ಆದರೂ ಬೈರಾಸನ್ನು ತೆಂಕು ದಿಕ್ಕಿಗೆ ಬೀಸಿದೆ. ಕಡಲಲ್ಲಿದ್ದ ದೋಣಿ ಅತ್ತ ತಿರುಗಿತು, ಬಲೆ ಬಿತ್ತು, ಬರಿದೇ ಬಂತು. ದೋಣಿಯ ಯಜಮಾನ ದಡಕ್ಕೆ ಹಾರಿ ನನ್ನ ಮೇಲೆ ಏರಿ ಬಂದ.

"ಕಣ್ಣು ಎಲ್ಲಿ ಇಟ್ಟಿದ್ದೀ ಮಾರಾಯ? ಅಲ್ಲಿ ಒಂದು ಬಂಗುಡೆ ಮೀನಾದರೂ ಉಂಟಾ?"

ವಕೀಲರು ಪೆನ್ಸಿಲ್ ತೆಗೆದರು. "ಇನ್ನೊಮ್ಮೆ ಬೈಯಿರಿ, ಇದೇ ಸಾಕ್ಷಿ, ಬರೆದುಕೊಳ್ತೇನೆ."

"ಇವನ ಭಾವನನ್ನು ಬಿಟ್ಟರೆ ಪೇಟೆಯವರು ನಿಮ್ಮನ್ನೂ ಗೂಢಚಾರ ಅಂತಾರೆ" ಎಂದ ಇನ್ಸ್‌ಪೆಕ್ಟರ್.

"ಅನ್ನಲಿ" ಎನ್ನುತ್ತ ವಕೀಲರು ಮರಳಿನಲ್ಲಿ ಸರಸರನೆ ನಡೆದುಬಿಟ್ಟರು.

ಮರುದಿನ ಭಾವ ಮನೆಗೆ ಬಂದ. ಪೇಟೆಯಲ್ಲಿ ಹಲವರು ವಕೀಲರನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಭಾವ ಮಾತ್ರ, ದೂರದಿಂದ ಕೈ ಎತ್ತಲು ಹೆದರಿ, ಅವರ ಹಿಂದೆ ಓಡಿ ಹತ್ತಿರ ನಿಂತು ಕೈ ಮುಗಿಯುತ್ತಿದ್ದ.